ಶಿಲ್ಪದಲ್ಲಿ ಮನದ ಬೇಗುದಿಯೂ ಸಾಂತ್ವನವೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯಕಾರಿ ಮಂಡಳಿಯವರು ಪ್ರೀತಿಯಿಂದ ಆಜ್ಞಾಪಿಸಿದ್ದಾರೆ. ಇಂಥ ಸಮಾರಂಭಗಳಲ್ಲಿ ನಾಡು, ನುಡಿ, ಗಡಿ ಇವುಗಳನ್ನು ಕುರಿತು ಮಾತನಾಡುವುದು ರೂಢಿ. ನಾನು ಆರಿಸಿಕೊಂಡಿರುವ ವಿಷಯವು ಮೊದಲ ನೋಟಕ್ಕೆ ಅವುಗಳಿಂದ ದೂರವಾದುದೆಂದು ತೋರಬಹುದು. ಮನುಷ್ಯನ ಅಂತರಂಗದ ಬೇಗುದಿಯನ್ನೂ ಆ ಬೇಗುದಿಯು ಶಮನವಾಗುವ ಬಗೆಯನ್ನೂ ಶಿಲ್ಪಿಯಾದವನು ಹೇಗೆ ತೋರಿಸುತ್ತಾನೆ, ತೋರಿಸಿದುದನ್ನು ನಾವು ಹೇಗೆ ನೋಡಬೇಕು ಎಂಬುದೇ ಆ ವಿಷಯ.

ಕೊಲ್ಹಾಪುರವು ಕಲಾವಂತರ ಊರು. ಅದನ್ನು ‘ಕಲಾಪುರ’ವೆಂದು ಅಭಿಮಾನದಿಂದ ಕರೆಯುವವರೂ ಉಂಟು. ದಸರಾ ಚೌಕದಲ್ಲಿರುವ ರಾಜರ್ಷಿ ಶಾಹೂ ಸ್ಮಾರಕ ಭವನದಲ್ಲಿ ಚಿತ್ರಗಳ ಮತ್ತು ಶಿಲ್ಪಗಳ ಪ್ರದರ್ಶನಗಳು ನಡೆಯುತ್ತಿರುತ್ತವೆ. ಇಚಲಕರಂಜಿಯಿಂದಲೋ ಗಡಹಿಂಗ್ಲಜದಿಂದಲೋ ಬೇರೆ ಕೆಲಸಕ್ಕೆಂದು ಬಂದ ನಮ್ಮವರು ಒಂದು ಗಳಿಗೆ ಒಳಗೆ ಹೊಕ್ಕು ನೋಡಿ ಬರುವುದೂ ಉಂಟು. ಇತ್ತೀಚಿನ ಶಿಲ್ಪಿಗಳ ಕೃತಿಗಳಲ್ಲಿ ತಲೆ ತಗ್ಗಿಸಿ ಮೊಣಕಾಲುಗಳ ನಡುವೆ ಮುಖ ಹುದುಗಿಸಿದ ಆಕೃತಿಗಳು, ಎದೆಯಲ್ಲಿ ಪೊಳ್ಳು ಬಿಟ್ಟ ದೇಹಗಳು, ಬಿರುಕಿನ ಮೋರೆಗಳು, ಒಂದನ್ನೊಂದು ತಬ್ಬಿಕೊಂಡ ಕೈಗಳು ಕಾಣಸಿಗುತ್ತವೆ. ನೋಡಿ ಹೊರಬಂದವರು ಕೇಳುವ ಪ್ರಶ್ನೆಯೊಂದಿದೆ: “ಮನೆಯಲ್ಲಿರುವ ದುಃಖವೇ ಸಾಲದೇ? ಕಲ್ಲಿನಲ್ಲಿಯೂ ಕಂಚಿನಲ್ಲಿಯೂ ಮತ್ತೆ ಅದನ್ನೇ ಏಕೆ ನೋಡಬೇಕು?”

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ದಿನವಿಡೀ ದುಡಿದು ದಣಿದ ಮನುಷ್ಯನಿಗೆ ಕಲೆಯಿಂದ ಸಂತೋಷವನ್ನು ಬಯಸುವ ಹಕ್ಕಿದೆ. ಆದುದರಿಂದ ಈ ಪ್ರಶ್ನೆಗೆ ಗೌರವದಿಂದ ಉತ್ತರ ಹುಡುಕಲು ಯತ್ನಿಸೋಣ. ಉತ್ತರಕ್ಕಾಗಿ ದೂರ ಹೋಗಬೇಕಾದ ಕಾರಣವೂ ಇಲ್ಲ. ಅದು ನಮ್ಮ ಕೃಷ್ಣೆಯ ದಂಡೆಯ ಮೇಲೆಯೇ ಇದೆ.

ಮೊದಲು ನಮ್ಮ ಕಣ್ಣಿಗೆ ರೂಢಿಯಾದ ಶಿಲ್ಪ ಯಾವುದು ಎಂಬುದನ್ನು ನೋಡೋಣ. ಚೌಕಗಳಲ್ಲಿ ನಿಂತಿರುವ ವೀರರ, ಅರಸರ, ನಾಯಕರ ಪ್ರತಿಮೆಗಳನ್ನು ನೋಡುತ್ತ ನಾವು ಬೆಳೆದಿದ್ದೇವೆ. ಎತ್ತಿದ ಕತ್ತಿ, ಚಾಚಿದ ಕೈ, ನೆಟ್ಟ ನೋಟ, ಇವು ಮನುಷ್ಯನು ಲೋಕದಲ್ಲಿ ಮಾಡಿದ ಕಾರ್ಯವನ್ನು ಹೇಳುತ್ತವೆ. ಆ ಕಾರ್ಯವನ್ನು ಮಾಡುವಾಗ ಅವನ ಒಳಗೆ ಏನಾಗುತ್ತಿತ್ತು ಎಂಬುದನ್ನು ಅವು ಹೇಳುವುದಿಲ್ಲ. ಹೇಳಬೇಕೆಂಬ ಉದ್ದೇಶವೂ ಅವಕ್ಕಿಲ್ಲ. ಪ್ರತಿಮೆಗಳನ್ನು ಮಾಡಿದವರ ಬಾಳಿನಲ್ಲಿಯೂ ಒಳಗಿನ ಕಥೆಗಳಿದ್ದವು. ಕೊಲ್ಹಾಪುರದ ಬಾಬೂರಾವ ಪೇಂಟರರು (೧೮೯೦–೧೯೫೪) ಚಿತ್ರಕಾರರೂ ಶಿಲ್ಪಿಗಳೂ ಆಗಿದ್ದರು. ಅವರೂ ಅವರ ದಾಯಾದಿ ಸೋದರ ಆನಂದರಾಯರೂ ಕೂಡಿ ನಾಟಕ ಮಂಡಳಿಗಳಿಗೆ ಪರದೆಗಳನ್ನು ಬರೆಯುತ್ತಿದ್ದರು. ಚಲಚ್ಚಿತ್ರವನ್ನು ತಾವೇ ತೆಗೆಯಬೇಕೆಂಬ ಕನಸನ್ನು ಕೂಡಿಯೇ ಕಂಡಿದ್ದರು. ೧೯೧೬ರಲ್ಲಿ ಆನಂದರಾಯರು ತೀರಿಕೊಂಡರು. ಕನಸು ಅರ್ಧಕ್ಕೆ ನಿಂತಿತು. ಆದರೆ ಬಾಬೂರಾಯರು ಶಿಷ್ಯರಾದ ದಾಮ್ಲೆಯವರೊಡನೆ ಸೇರಿ ಕ್ಯಾಮೆರಾ ಯಂತ್ರವನ್ನು ಇಲ್ಲಿಯೇ ಸಿದ್ಧಪಡಿಸಿದರು. ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ ೧೯೨೦ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ಹೊರತಂದರು. ಅಗಲಿದ ಜೊತೆಗಾರನ ಅರೆಗೆಲಸವನ್ನು ಕೈಗೆತ್ತಿಕೊಂಡು ಮುಗಿಸುವುದು ಶೋಕವು ಹಿಡಿಯಬಹುದಾದ ದಾರಿಗಳಲ್ಲಿ ಒಂದು.

ಇನ್ನು ಒಳಗಿನ ಕಥೆಯನ್ನೇ ಶಿಲ್ಪದ ವಿಷಯವನ್ನಾಗಿ ಮಾಡುವುದು ಇಂದಿನವರ ಹೊಸ ಹವ್ಯಾಸವೆಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಭರತಮುನಿಯು ರಸಗಳನ್ನು ಎಣಿಸುವಾಗ ಶೃಂಗಾರ ಹಾಸ್ಯಗಳ ಜೊತೆಯಲ್ಲಿಯೇ ಶೋಕದಿಂದ ಹುಟ್ಟುವ ಕರುಣವನ್ನೂ ಕ್ರೋಧದಿಂದ ಹುಟ್ಟುವ ರೌದ್ರವನ್ನೂ ಎಣಿಸಿದನು. ಶಾಂತವನ್ನು ಒಂಬತ್ತನೆಯ ರಸವೆಂದು ಮುಂದಿನ ಕಾಲದವರು ಸೇರಿಸಿದರು. ಶಾಂತವು ಬಂದಾಗ ಕರುಣ ರೌದ್ರಗಳನ್ನು ಯಾರೂ ಪಟ್ಟಿಯಿಂದ ತೆಗೆದುಹಾಕಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಈಗ ಖಿದ್ರಾಪುರಕ್ಕೆ ಹೋಗೋಣ. ಶಿರೋಳ ತಾಲೂಕಿನಲ್ಲಿ, ಕೃಷ್ಣಾನದಿಯ ದಂಡೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಂತೆ ಇರುವ ಈ ಸಣ್ಣ ಹಳ್ಳಿಯಲ್ಲಿ ಕೋಪೇಶ್ವರ ದೇವಾಲಯವಿದೆ. ಹನ್ನೆರಡನೆಯ ಶತಮಾನದಲ್ಲಿ ಕೊಲ್ಹಾಪುರದ ಶಿಲಾಹಾರ ಅರಸರ ಆಳ್ವಿಕೆಯಲ್ಲಿ ಬೆಳೆದ ಈ ಕಪ್ಪು ಕಲ್ಲಿನ ಗುಡಿಗೆ ಹದಿಮೂರನೆಯ ಶತಮಾನದ ಆರಂಭದಲ್ಲಿ ಸೇವುಣರ ಸಿಂಘಣನ ಆಶ್ರಯವೂ ದೊರೆಯಿತು. ಗುಡಿಯ ಒಳಗೂ ಹೊರಗೂ ಸುಮಾರು ಒಂದು ಡಜನ್ ಶಾಸನಗಳಿದ್ದು, ಸಿಂಘಣನ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಉಳಿದುವೆಲ್ಲ ಕನ್ನಡ ನುಡಿಯವು. ಅವುಗಳಲ್ಲಿ ಓದಲು ಬರುವಂತೆ ಉಳಿದಿರುವುವು ಕೆಲವು ಮಾತ್ರ. ನಮ್ಮ ನುಡಿಯ ಅಕ್ಷರಗಳು ಅಲ್ಲಿವೆ ಎಂಬ ಸಂತೋಷ ಸಹಜವಾದುದೇ. ಆದರೆ ಅಕ್ಷರಗಳನ್ನು ಎಣಿಸಿ ಹಿಂತಿರುಗಿದರೆ ಗುಡಿಯು ಹೇಳುವ ಮುಖ್ಯವಾದ ಮಾತು ಕಿವಿಗೆ ಬೀಳುವುದಿಲ್ಲ.

ಆ ಮಾತು ದೇವರ ಹೆಸರಿನಲ್ಲಿಯೇ ಇದೆ. ದಕ್ಷಯಜ್ಞದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕರೆಯದ ತವರಿಗೆ ಸತೀದೇವಿ ಹೋದಳು. ತಂದೆಯ ಬಾಯಿಂದ ಗಂಡನ ನಿಂದೆಯನ್ನು ಕೇಳಲಾರದೆ ಪ್ರಾಣವನ್ನು ನೀಗಿದಳು. ಶಿವನ ಶೋಕವು ಕೋಪವಾಗಿ ಉರಿಯಿತು. ಹಾಗೆ ಉರಿಯುತ್ತಿದ್ದ ಶಿವನನ್ನು ವಿಷ್ಣುವು ಸಮಾಧಾನಪಡಿಸಿ ಇಲ್ಲಿಗೆ ಕರೆತಂದನೆಂದು ಸ್ಥಳದ ಐತಿಹ್ಯ ಹೇಳುತ್ತದೆ. ಗರ್ಭಗುಡಿಯಲ್ಲಿ ಎರಡು ಲಿಂಗಗಳಿವೆ. ಒಂದು ಕೋಪೇಶ್ವರ, ಕೋಪಗೊಂಡ ಶಿವ. ಇನ್ನೊಂದು ಧೋಪೇಶ್ವರ, ಅವನನ್ನು ಸಮಾಧಾನಪಡಿಸಿದ ವಿಷ್ಣು. ಶಿವನ ಗುಡಿಯಾದರೂ ಇಲ್ಲಿ ನಂದಿಯಿಲ್ಲ. ಸತಿಯು ತವರಿಗೆ ಹೋಗುವಾಗ ನಂದಿಯನ್ನೇರಿ ಹೋದಳಾದ್ದರಿಂದ ನಂದಿ ಇಲ್ಲಿಲ್ಲವೆಂದೂ, ಗಡಿಯಾಚೆ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ಇದೆಯೆಂದೂ ಜನ ಹೇಳುತ್ತಾರೆ. ಅದೇ ಯಡೂರು ವೀರಭದ್ರನ ಕ್ಷೇತ್ರವಾಗಿ ಹೆಸರಾಗಿದೆ. ವೀರಭದ್ರನೆಂದರೆ ಶಿವನ ಅದೇ ಕೋಪದಿಂದ ಹುಟ್ಟಿದವನು. ಹೀಗೆ ಒಂದೇ ಕಥೆಯು ನದಿಯ ಈ ಸೀಮೆಯಲ್ಲಿ ಹರಡಿಕೊಂಡು ನಿಂತಿದೆ: ಉರಿದೆದ್ದ ಕೋಪ ಒಂದೂರಿನಲ್ಲಿ, ತಣಿಯುತ್ತಿರುವ ಕೋಪ ಇನ್ನೊಂದೂರಿನಲ್ಲಿ.

ಇದರಲ್ಲಿ ಗಮನಿಸಬೇಕಾದ ಸಂಗತಿ ಯಾವುದು? ಶಿವನು ಸಮಾಧಾನಗೊಂಡನು ಎಂದು ಕಥೆ ಹೇಳುತ್ತದೆ. ಆದರೂ ಊರವರು ಅವನನ್ನು ಶಾಂತೇಶ್ವರನೆಂದು ಕರೆಯಲಿಲ್ಲ. ಅವನ ಹೆಸರು ಕೋಪೇಶ್ವರನೆಂದೇ ಉಳಿಯಿತು. ಎಂಟು ನೂರು ವರ್ಷಗಳಿಂದ ಅವನಿಗೆ ಅದೇ ಹೆಸರಿನಿಂದ ಪೂಜೆ ಸಲ್ಲುತ್ತಿದೆ. ಕೋಪವನ್ನು ಅವಮಾನದ ಸಂಗತಿಯೆಂದು ಮುಚ್ಚಿಡಲಿಲ್ಲ. ಅದರ ಮೂಲ ಶೋಕವೆಂಬುದನ್ನು ಅರಿತು, ಅದಕ್ಕೆ ಒಂದು ಮನೆಯನ್ನು ಕಟ್ಟಿಕೊಟ್ಟರು. ಆದರೆ ಅದನ್ನು ಒಂಟಿಯಾಗಿಯೂ ಬಿಡಲಿಲ್ಲ. ಪಕ್ಕದಲ್ಲಿಯೇ ಸಮಾಧಾನ ಹೇಳುವವನನ್ನು ಕೂರಿಸಿದರು. ಆ ಸಮಾಧಾನ ಹೇಳುವವನಿಗೂ ಅದೇ ಹೂವು, ಅದೇ ದೀಪ. ನೊಂದವನ ನೋವಿಗೆ ಹೆಸರು, ನೊಂದವನಿಗೆ ನೆರೆ, ಈ ಎರಡೂ ಬೇಕೆಂಬುದು ಖಿದ್ರಾಪುರದ ಗರ್ಭಗುಡಿಯ ಪಾಠವೆಂದು ನಾನು ತಿಳಿದಿದ್ದೇನೆ.

ಗುಡಿಯ ರಚನೆಯೂ ಇದೇ ಮಾತನ್ನು ಹೇಳುತ್ತದೆ. ಮೊದಲು ಸಿಗುವುದು ಸ್ವರ್ಗಮಂಟಪ. ನಲವತ್ತೆಂಟು ಕಂಬಗಳ ಈ ಮಂಟಪದ ನಡುವೆ ಮಾಡನ್ನು ದುಂಡಗೆ ಬಯಲಾಗಿ ಬಿಟ್ಟಿದ್ದಾರೆ. ಅದರ ಕೆಳಗೆ ನೆಲದಲ್ಲಿ ಒಂದು ದುಂಡನೆಯ ಹಾಸುಗಲ್ಲು. ಅಲ್ಲಿ ನಿಂತು ತಲೆಯೆತ್ತಿದರೆ ಆಕಾಶವು ಕಾಣುತ್ತದೆ. ಬಿಸಿಲು, ಮಳೆ, ಬೆಳದಿಂಗಳು ನೇರವಾಗಿ ಒಳಗಿಳಿಯುತ್ತವೆ. ಸುತ್ತಲೂ ಗಣಪತಿ, ಕಾರ್ತಿಕೇಯ, ಇಂದ್ರ, ಯಮ, ಕುಬೇರ ಮೊದಲಾದವರು ತಮ್ಮ ತಮ್ಮ ವಾಹನಗಳೊಡನೆ ಕಾದು ನಿಂತಿದ್ದಾರೆ. ಅಲ್ಲಿಂದ ಸಭಾಮಂಟಪ, ಅಂತರಾಳ, ಕೊನೆಗೆ ಗರ್ಭಗುಡಿ. ಹೆಜ್ಜೆ ಹೆಜ್ಜೆಗೂ ಬೆಳಕು ಕಡಿಮೆಯಾಗುತ್ತದೆ, ಮಾತು ತಾನಾಗಿ ತಗ್ಗುತ್ತದೆ. ಎಲ್ಲಕ್ಕಿಂತ ಒಳಗೆ, ಕತ್ತಲೆಯಲ್ಲಿ, ಆ ಇಬ್ಬರು ಕುಳಿತಿದ್ದಾರೆ. ನೋಡಿದವನು ಬಂದ ದಾರಿಯಲ್ಲಿಯೇ ಹಿಂತಿರುಗಿ ಮತ್ತೆ ಆಕಾಶದ ಕೆಳಗೆ ಬಂದು ನಿಲ್ಲಬೇಕು. ಒಳಗಿನ ಬೇಗೆಯನ್ನು ಕಾಣಲು ಹೋಗುವವನಿಗೆ ಹೊರಗೆ ಬರುವ ದಾರಿಯೂ ತೆರೆದಿರಬೇಕೆಂಬುದನ್ನು ಈ ನಡಿಗೆಯು ಕಾಲುಗಳಿಗೇ ಕಲಿಸಿಕೊಡುತ್ತದೆ.

ಹೊರಗೋಡೆಯ ಬುಡದಲ್ಲಿ ಗಜಪೀಠವಿದೆ. ಸಾಲಾಗಿ ನಿಂತ ಆನೆಗಳು ಇಡೀ ಗುಡಿಯ ಭಾರವನ್ನು ಬೆನ್ನ ಮೇಲೆ ಹೊತ್ತಂತೆ ಕಾಣುತ್ತವೆ. ಗುಡಿಯ ಹೊರಮೈಯ ಅನೇಕ ಮೂರ್ತಿಗಳ ಮುಖಗಳು ಒಡೆದಿವೆ, ಕೈಗಳು ಮುರಿದಿವೆ, ಆನೆಗಳ ಸೊಂಡಿಲುಗಳೂ ಭಗ್ನವಾಗಿವೆ. ಆದರೂ ಸಾಲು ತಪ್ಪಿಲ್ಲ. ಭಗ್ನವಾದುದನ್ನು ನೋಡಿ ಮರುಗುವ ನಾವು, ಭಗ್ನವಾದ ಮೇಲೆಯೂ ಹೊರುತ್ತಿರುವುದನ್ನು ನೋಡಿ ಸ್ವಲ್ಪ ಧೈರ್ಯವನ್ನು ಪಡೆಯಬಹುದಲ್ಲವೇ?

ನಮ್ಮ ಹಿರಿಯರು ಕೋಪಕ್ಕೆ ಕಲ್ಲಿನಲ್ಲಿ ಮಾತ್ರವಲ್ಲದೆ ಆಟದಲ್ಲಿಯೂ ಸ್ಥಾನ ಕೊಟ್ಟಿದ್ದರು. ವೀರಭದ್ರನ ಉತ್ಸವಗಳಲ್ಲಿ ಪುರವಂತರು ಖಡ್ಗ ಹಿಡಿದು, ವಾದ್ಯಗಳ ಅಬ್ಬರದ ನಡುವೆ ಒಡಪು ಹೇಳುತ್ತ ಕುಣಿಯುವುದನ್ನು ಗಡಿಭಾಗದ ನಾವೆಲ್ಲ ಬಲ್ಲೆವು. ದಕ್ಷಯಜ್ಞದ ಧ್ವಂಸವೇ ಅಲ್ಲಿಯ ಕಥೆ. ನೋಡುವವರ ಮೈ ಜುಮ್ಮೆನ್ನುತ್ತದೆ. ಉತ್ಸವ ಮುಗಿದ ಮೇಲೆ ಅದೇ ಪುರವಂತನು ಕುಪ್ಪಸ ಕಳಚಿಟ್ಟು, ಮುಖ ತೊಳೆದು, ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ರೋಷಕ್ಕೆ ಒಂದು ದಿನ, ಒಂದು ಅಂಗಳ, ಒಂದು ತಾಳ ಇರಬೇಕು. ನೋಡುವ ಜನ ಸುತ್ತಲೂ ಇರಬೇಕು. ಆಗ ಅದು ಮನೆಯನ್ನು ಸುಡುವುದಿಲ್ಲ.

ಇನ್ನೊಂದು ಉದಾಹರಣೆ ಇಚಲಕರಂಜಿಯಿಂದ ಬಹು ದೂರವಿಲ್ಲ. ಹಾತಕಣಂಗಲೆ ತಾಲೂಕಿನ ಕುಂಭೋಜದ ಬಾಹುಬಲಿ ಕ್ಷೇತ್ರದಲ್ಲಿ ೧೯೬೩ರಲ್ಲಿ ಇಪ್ಪತ್ತೆಂಟು ಅಡಿ ಎತ್ತರದ ಅಮೃತಶಿಲೆಯ ಬಾಹುಬಲಿಮೂರ್ತಿಯನ್ನು ಪ್ರತಿಷ್ಠಾಪಿಸಿದರು. ನಮ್ಮಲ್ಲಿ ಅನೇಕ ಮನೆತನಗಳವರು ಅಲ್ಲಿಗೆ ನಡೆದುಕೊಳ್ಳುವವರೇ ಆಗಿದ್ದೀರಿ. ೯೪೧ರಲ್ಲಿ ಪಂಪನು ಆದಿಪುರಾಣದಲ್ಲಿ ಹೇಳಿದ, ಹತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಚಾವುಂಡರಾಯನು ನಿಲ್ಲಿಸಿದ ಕಥೆಯೇ ಇದು. ಅಣ್ಣ ತಮ್ಮಂದಿರು ರಾಜ್ಯಕ್ಕಾಗಿ ಎದುರುಬದುರು ನಿಂತರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನೇ ಗೆದ್ದನು. ಗೆದ್ದ ಗಳಿಗೆಯಲ್ಲಿಯೇ ಗೆಲುವು ಅವನಿಗೆ ಹೇಸಿಗೆಯಾಯಿತು. ಎಲ್ಲವನ್ನೂ ಬಿಟ್ಟು ಒಂದು ವರ್ಷ ಅಲುಗದೆ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ತೋಳುಗಳಿಗೆ ಬಳ್ಳಿ ಹಬ್ಬಿತು. ಆದರೂ ಜ್ಞಾನವು ಕೈಗೂಡಲಿಲ್ಲ. ಅಣ್ಣನನ್ನು ಕುರಿತ ಒಂದು ಕಸರು ಮುಳ್ಳಿನಂತೆ ಒಳಗೆ ಉಳಿದಿತ್ತು. ಅಣ್ಣನಾದ ಭರತನೇ ಬಂದು ಕೈಮುಗಿದಾಗ ಆ ಮುಳ್ಳು ಕಳಚಿತು.

ಶಿಲ್ಪಿಗಳು ಈ ಕಥೆಯಿಂದ ಯಾವ ಗಳಿಗೆಯನ್ನು ಆರಿಸಿಕೊಂಡರೆಂಬುದನ್ನು ನೋಡಿರಿ. ಯುದ್ಧವನ್ನಲ್ಲ, ಅಣ್ಣನನ್ನು ಮೇಲೆತ್ತಿ ಹಿಡಿದ ಪರಾಕ್ರಮವನ್ನಲ್ಲ, ನಿಂತಿರುವ ತಪಸ್ಸನ್ನು. ಮುಖದಲ್ಲಿ ಶಾಂತಿಯಿದೆ, ಬಳ್ಳಿಯಾದರೋ ಆ ಶಾಂತಿಗೆ ಹಿಡಿದ ಕಾಲವೆಷ್ಟು ಎಂಬುದನ್ನು ಹೇಳುತ್ತದೆ. ಬಳ್ಳಿಯಿಲ್ಲದ ಬಾಹುಬಲಿಯನ್ನು ಕಲ್ಪಿಸಿಕೊಂಡರೆ ಅದು ಬರಿಯ ಸುಂದರ ದೇಹ. ಬಳ್ಳಿಯಿಂದಲೇ ಅದು ಒಂದು ಮನಸ್ಸಿನ ಚರಿತ್ರೆ. ಮತ್ತು ಅಷ್ಟು ದೊಡ್ಡ ತಪಸ್ವಿಗೂ ಕೊನೆಯ ಮುಳ್ಳನ್ನು ತಾನೇ ತೆಗೆದುಕೊಳ್ಳಲಾಗಲಿಲ್ಲ, ಇನ್ನೊಬ್ಬರು ಬರಬೇಕಾಯಿತು. ಖಿದ್ರಾಪುರದ ಮಾತೇ ಇಲ್ಲಿ ಬೇರೆ ರೀತಿಯಲ್ಲಿ ಕೇಳಿಬರುತ್ತದೆ.

ಇವು ಪುರಾಣದ ಮಾತಾದುವು, ಇಂದಿನ ಮನುಷ್ಯನ ಮಾತೇನು ಎಂದು ಯುವಕರು ಕೇಳಬಹುದು. ಅದಕ್ಕಾಗಿ ಒಬ್ಬ ಪರದೇಶದ ಕಲಾವಿದೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಜರ್ಮನಿಯ ಕೇಟೆ ಕೋಲ್ವಿಟ್ಸ್ (೧೮೬೭–೧೯೪೫) ಎಂಬಾಕೆಯ ಪತಿ ಕಾರ್ಲ್ ಅವರು ಬರ್ಲಿನ್ನಿನ ಬಡ ಕೂಲಿಕಾರರ ಬಡಾವಣೆಯಲ್ಲಿ ವೈದ್ಯರಾಗಿದ್ದರು. ಆಕೆಗೆ ಮೊದಲು ಹೆಸರು ತಂದುದು ೧೮೯೩ರಿಂದ ೧೮೯೭ರವರೆಗೆ ಮಾಡಿದ ಆರು ಮುದ್ರಣಚಿತ್ರಗಳ ಮಾಲೆ. ಅದರ ವಿಷಯ ನೇಕಾರರು. ೧೮೪೪ರಲ್ಲಿ ಸೈಲೀಷಿಯಾ ಪ್ರಾಂತದ ಕೈಮಗ್ಗದ ನೇಕಾರರು ಹಸಿವಿನಿಂದ ದಂಗೆಯೆದ್ದ ಚರಿತ್ರೆಯನ್ನು ಆಧರಿಸಿದ ನಾಟಕವನ್ನು ನೋಡಿ ಆಕೆ ಅವನ್ನು ರಚಿಸಿದಳು. ಮಗ್ಗದ ಸದ್ದಿನಲ್ಲಿಯೇ ನಿದ್ದೆ ಎಚ್ಚರಗಳನ್ನು ಕಳೆಯುವ ಇಚಲಕರಂಜಿಯ ಮನೆಗಳವರಿಗೆ ಆ ಚಿತ್ರಗಳನ್ನು ಯಾರೂ ವಿವರಿಸಬೇಕಾಗಿಲ್ಲ.

೧೯೧೪ರ ಅಕ್ಟೋಬರದಲ್ಲಿ ಆಕೆಯ ಕಿರಿಯ ಮಗ ಪೇಟರನು ಮಹಾಯುದ್ಧದಲ್ಲಿ ಬೆಲ್ಜಿಯಮಿನ ನೆಲದ ಮೇಲೆ ಸತ್ತನು. ಅವನಿಗೆ ಆಗ ಹದಿನೆಂಟು ವರ್ಷ. ಅದೇ ವರ್ಷದ ಕೊನೆಯಲ್ಲಿ ಅವನಿಗಾಗಿ ಒಂದು ಸ್ಮಾರಕಶಿಲ್ಪವನ್ನು ಮಾಡುವ ಸಂಕಲ್ಪವನ್ನು ಆಕೆ ಮಾಡಿದಳು. ಕೆಲಸ ಕೈಗೂಡಲಿಲ್ಲ. ೧೯೧೯ರಲ್ಲಿ ನಿಲ್ಲಿಸಿಬಿಟ್ಟಳು, ಕೆಲವು ವರ್ಷಗಳ ತರುವಾಯ ಮತ್ತೆ ಕೈಹಚ್ಚಿದಳು. ೧೯೩೨ರಲ್ಲಿ ಆ ಶಿಲ್ಪವು ಮಗನ ಸಮಾಧಿಯಿದ್ದ ಸ್ಮಶಾನದಲ್ಲಿ ನಿಂತಿತು. ಸಂಕಲ್ಪದಿಂದ ಸಿದ್ಧಿಯವರೆಗೆ ಸುಮಾರು ಹದಿನೆಂಟು ವರ್ಷಗಳು. ಮಗನು ಬಾಳಿದಷ್ಟೇ ಕಾಲ. ಶಿಲ್ಪದಲ್ಲಿ ಮಗನಿಲ್ಲ, ಯೋಧನಿಲ್ಲ, ಬಾವುಟವಿಲ್ಲ. ಮೊಣಕಾಲೂರಿದ ತಂದೆ, ಮೊಣಕಾಲೂರಿದ ತಾಯಿ, ಅಷ್ಟೇ. ತಂದೆಯು ತನ್ನ ತೋಳುಗಳಿಂದ ತನ್ನನ್ನೇ ಬಿಗಿಯಾಗಿ ಅವುಚಿಕೊಂಡು ನೆಟ್ಟಗೆ ಕುಳಿತಿದ್ದಾನೆ; ತಾಯಿಯು ಮುಂದಕ್ಕೆ ಬಾಗಿದ್ದಾಳೆ. ಮುಖಗಳು ಕಾರ್ಲ್ ಮತ್ತು ಕೇಟೆಯವರವೇ. ಇಬ್ಬರ ನಡುವೆ ಅಂತರವಿದೆ. ಒಬ್ಬರು ಇನ್ನೊಬ್ಬರನ್ನು ಮುಟ್ಟುವುದಿಲ್ಲ. ೧೯೫೬ರಲ್ಲಿ ಆ ಸಮಾಧಿಗಳ ಜೊತೆಗೆ ಶಿಲ್ಪವನ್ನೂ ವ್ಲಾಡ್ಸ್ಲೋ ಎಂಬಲ್ಲಿಗೆ ಸಾಗಿಸಿದರು, ಇಂದಿಗೂ ಅಲ್ಲಿದೆ.

ಆ ಅಂತರವನ್ನು ನಾವು ನಮ್ಮ ಮನೆಗಳಲ್ಲಿಯೂ ಕಂಡಿಲ್ಲವೇ? ಮಗುವೊಂದನ್ನು ಕಳೆದುಕೊಂಡ ಮನೆಯಲ್ಲಿ ತಂದೆ ಒಂದು ಮೂಲೆಗೆ, ತಾಯಿ ಒಂದು ಮೂಲೆಗೆ. ತಂದೆಯು ಅತ್ತರೆ ಗಂಡಸುತನಕ್ಕೆ ಕುಂದು, ತಾಯಿಯು ಹೆಚ್ಚು ಅತ್ತರೆ “ಸಾಕು ಮಾಡವ್ವಾ, ಹೋದ ಜೀವ ಬಂದೀತೇನು?” ಎಂಬ ಮಾತು. ಕೋಲ್ವಿಟ್ಸ್‌ಳ ಶಿಲ್ಪವು ಸುಳ್ಳು ಸಮಾಧಾನವನ್ನು ಹೇಳುವುದಿಲ್ಲ. ಒಬ್ಬೊಬ್ಬರೇ ದುಃಖಿಸುವುದು ಎಷ್ಟು ಕಠಿಣವೆಂದು ಮಾತ್ರ ತೋರಿಸುತ್ತದೆ. ಅದನ್ನು ನೋಡಿದವನಿಗೆ ಆ ಇಬ್ಬರ ನಡುವಿನ ಬಯಲಲ್ಲಿ ಹೋಗಿ ಕುಳಿತುಕೊಳ್ಳಬೇಕೆಂದು ಅನಿಸಿದರೆ ಶಿಲ್ಪವು ತನ್ನ ಕೆಲಸವನ್ನು ಮಾಡಿದಂತೆ.

ಇಲ್ಲಿಗೆ ಮೊದಲಿನ ಪ್ರಶ್ನೆಗೆ ಉತ್ತರವು ಸಿಕ್ಕಿತೆಂದು ತೋರುತ್ತದೆ. ಮನೆಯಲ್ಲಿರುವ ದುಃಖವನ್ನು ನಾವು ಅನುಭವಿಸುತ್ತೇವೆ, ನೋಡುವುದಿಲ್ಲ. ಅದು ನಮ್ಮೊಳಗೇ ಇರುವುದರಿಂದ ಅದರ ಸುತ್ತ ತಿರುಗಾಡಿ ನೋಡಲು ಬರುವುದಿಲ್ಲ. ಶಿಲ್ಪಿಯು ಅದನ್ನು ಹೊರಗಿಟ್ಟು, ಅದಕ್ಕೆ ಎತ್ತರ, ಅಗಲ, ಬೆನ್ನು, ಮಗ್ಗುಲುಗಳನ್ನು ಕೊಡುತ್ತಾನೆ. ಎದುರಿನಿಂದ ನೋಡಿದಾಗ ಸೋತಂತೆ ಕಂಡ ಆಕೃತಿಯು ಬೆನ್ನ ಹಿಂದಿನಿಂದ ನೋಡಿದಾಗ ಗಟ್ಟಿಯಾಗಿ ನೆಲವನ್ನು ಊರಿದಂತೆ ಕಾಣಬಹುದು. ಚಿತ್ರಕ್ಕೆ ಇಲ್ಲದ ಅನುಕೂಲವಿದು. ಸುತ್ತು ಹಾಕಬಹುದಾದ ದುಃಖವು ಅಷ್ಟರಮಟ್ಟಿಗೆ ನಮ್ಮ ಮೇಲಿನ ಹಿಡಿತವನ್ನು ಕಳೆದುಕೊಂಡಿರುತ್ತದೆ.

ಕೆಲಸದ ರೀತಿಯೂ ತಿಳಿಯತಕ್ಕದ್ದಾಗಿದೆ. ಕಂಚಿನ ಮೂರ್ತಿಯನ್ನು ಎರಕ ಹೊಯ್ಯುವವರು ಮೊದಲು ತಂತಿಯ ಹಂದರದ ಮೇಲೆ ಜೇಡಿಮಣ್ಣನ್ನು ಮೆತ್ತಿ ರೂಪವನ್ನು ಮಾಡುತ್ತಾರೆ. ಅದರಿಂದ ಅಚ್ಚನ್ನು ತೆಗೆದು, ಅಚ್ಚಿನೊಳಗೆ ಮೇಣದ ಪದರನ್ನು ಕೊಡುತ್ತಾರೆ. ಆ ಮೇಣದ ರೂಪದ ಒಳಗೂ ಹೊರಗೂ ಬೆಂಕಿ ತಾಳುವ ಮಣ್ಣನ್ನು ತುಂಬಿ ಕಾಯಿಸಿದಾಗ ಮೇಣವು ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ತೆರವಿನಲ್ಲಿ ಕರಗಿದ ಕಂಚು ತುಂಬಿಕೊಳ್ಳುತ್ತದೆ. ಏನಾದರೂ ಕರಗಿಹೋಗದೆ ಮೂರ್ತಿ ಹುಟ್ಟುವುದಿಲ್ಲ. ಹುಟ್ಟಿದ ಮೇಲೆಯೂ ಒಳಗೆ ಪೊಳ್ಳು ಇದ್ದೇ ಇರುತ್ತದೆ. ಹೊರಗೆ ಮಾತ್ರ ನೂರಾರು ವರ್ಷ ನಿಲ್ಲುವ ಗಟ್ಟಿತನ. ಪ್ರದರ್ಶನದಲ್ಲಿ ಎದೆಯನ್ನು ಪೊಳ್ಳಾಗಿ ತೋರಿಸಿದ ಶಿಲ್ಪವನ್ನು ಕಂಡಾಗ ಈ ಮಾತನ್ನು ನೆನೆದುಕೊಳ್ಳಿರಿ. ಶಿಲ್ಪಿಯು ಲೋಹದ ಸಹಜ ಗುಣವನ್ನೇ ಬಯಲಿಗೆ ತಂದಿದ್ದಾನೆ.

ಬಂಧುಗಳೇ, ಇದನ್ನೆಲ್ಲ ಈ ವೇದಿಕೆಯಿಂದ ಹೇಳುವುದಕ್ಕೆ ಕಾರಣವಿದೆ. ೨೦೦೫ರಲ್ಲಿ, ಮತ್ತೆ ೨೦೧೯ರಲ್ಲಿ, ಮತ್ತೆ ೨೦೨೧ರಲ್ಲಿ ಪಂಚಗಂಗೆಯೂ ಕೃಷ್ಣೆಯೂ ನಮ್ಮ ಹೊಲಮನೆಗಳನ್ನು ಹೊಕ್ಕವು. ನೀರು ಇಳಿದ ಮೇಲೆ ಗೋಡೆಗಳನ್ನು ತೊಳೆದೆವು, ಸುಣ್ಣ ಹಚ್ಚಿದೆವು. ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆಯ ಹಗ್ಗವನ್ನು ಬಿಚ್ಚಲಾಗದೆ ಬಂದವರು, ಮಗಳ ಮದುವೆಗೆಂದು ಕೂಡಿಟ್ಟುದನ್ನು ಕಳೆದುಕೊಂಡವರು ಆ ಮಾತನ್ನು ಯಾರ ಬಳಿ ಆಡಿದರು? ಮಳೆ ಜೋರಾಗಿ ಸುರಿದರೆ ಇಂದಿಗೂ ರಾತ್ರಿ ಎದ್ದು ಕೂರುವವರು ನಮ್ಮಲ್ಲಿದ್ದಾರೆ. ಮಗ್ಗ ನಿಂತಾಗ ಕೆಲಸವಿಲ್ಲದೆ ಮೌನವಾಗುವ ಗಂಡಸರಿದ್ದಾರೆ. ಕನ್ನಡ ಶಾಲೆಯಲ್ಲಿ ಕಲಿತು ಮುಂದೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದಬೇಕಾದಾಗ ತರಗತಿಯಲ್ಲಿ ಬಾಯಿ ತೆರೆಯಲಾರದೆ ಹಿಂದಿನ ಬೆಂಚನ್ನು ಹಿಡಿಯುವ ಮಕ್ಕಳಿದ್ದಾರೆ. ಅವರ ಸಂಕಟವನ್ನು ಆಲಸ್ಯವೆಂದು, ಮೊಂಡುತನವೆಂದು ಕರೆದುಬಿಡುವುದು ಸುಲಭ. ಕೋಪವನ್ನು ಶೋಕವೆಂದು ಗುರುತಿಸಿದ ಖಿದ್ರಾಪುರದವರ ಕಣ್ಣು ನಮಗೆ ಬೇಕು.

ವ್ಯವಹಾರಕ್ಕೆ ನಾವು ಎಷ್ಟು ಭಾಷೆಗಳನ್ನಾದರೂ ಕಲಿಯಬೇಕು. ಮರಾಠಿಯು ನಮ್ಮ ಅಂಗಡಿಯ, ಕಚೇರಿಯ, ಗೆಳೆತನದ ನುಡಿ. ಅದನ್ನು ಚೆನ್ನಾಗಿ ಕಲಿಯುವುದರಲ್ಲಿ ನಮಗೆ ಲಾಭವೂ ಗೌರವವೂ ಇವೆ. ಆದರೆ ನಡುರಾತ್ರಿಯಲ್ಲಿ ಎದೆಯ ಭಾರವನ್ನು ಇಳಿಸುವ ಮಾತು ತಾಯಿಯು ಕಲಿಸಿದ ನುಡಿಯಲ್ಲಿಯೇ ಮೊದಲು ಬರುತ್ತದೆ. ಇಂಥ ಸಂಘಗಳ ಕೆಲಸ ನಾಡಹಬ್ಬಕ್ಕೆ, ಬಹುಮಾನ ವಿತರಣೆಗೆ ಮುಗಿಯಬಾರದು. ನೊಂದವನು ಬಂದು ತನ್ನ ನುಡಿಯಲ್ಲಿ ನಾಲ್ಕು ಮಾತಾಡಿ ಹಗುರಾಗುವ ಜಗುಲಿಯೂ ಅದಾಗಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳುವುದು ನನ್ನ ಕರ್ತವ್ಯ. ಶಿಲ್ಪವು ಔಷಧವಲ್ಲ. ನಿದ್ದೆ ಹಾರಿದ, ಊಟ ಬಿಟ್ಟ, ಬದುಕೇ ಬೇಡವೆನ್ನುವ ಮನುಷ್ಯನನ್ನು ಗುಡಿಗೋ ಪ್ರದರ್ಶನಕ್ಕೋ ಕರೆದೊಯ್ದು ಸುಮ್ಮನಾಗಬಾರದು; ವೈದ್ಯರ ಬಳಿಗೆ ಕರೆದೊಯ್ಯಬೇಕು. ಜ್ವರಕ್ಕೆ ವೈದ್ಯರನ್ನು ಕಾಣಲು ನಾಚದ ನಾವು ಮನಸ್ಸಿನ ಕಾಯಿಲೆಗೆ ನಾಚಬೇಕಾದುದಿಲ್ಲ. ೨೦೨೨ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಕೊನೆಯದಾಗಿ ಎರಡು ವಿನಂತಿಗಳು. ಶಿಲ್ಪ ಪ್ರದರ್ಶನಕ್ಕೆ ಹೋದಾಗ “ಇದು ಏನು?” ಎಂದು ಮೊದಲೇ ಕೇಳಬೇಡಿರಿ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿರಿ, ಸುತ್ತು ಹಾಕಿರಿ, ಆ ಆಕೃತಿಯು ಕುಳಿತಂತೆ ನಿಮ್ಮ ಮನೆಯಲ್ಲಿ ಯಾರು, ಯಾವಾಗ ಕುಳಿತಿದ್ದರು ಎಂದು ನೆನೆಯಿರಿ. ಅರ್ಥವು ಆಮೇಲೆ ತಾನಾಗಿ ಬರುತ್ತದೆ. ಎರಡನೆಯದು, ಮಕ್ಕಳನ್ನು ಒಂದು ದಿನ ಖಿದ್ರಾಪುರಕ್ಕೆ ಕರೆದೊಯ್ಯಿರಿ. ಸ್ವರ್ಗಮಂಟಪದ ಹಾಸುಗಲ್ಲಿನ ಬಳಿ ನಿಲ್ಲಿಸಿ ಆಕಾಶವನ್ನು ತೋರಿಸಿರಿ. ಒಳಗೆ ಕರೆದೊಯ್ದು ಆ ಇಬ್ಬರ ಹೆಸರನ್ನು ಹೇಳಿರಿ. ಮನೆಗೆ ಬಂದ ಮೇಲೆ ಅವರ ಕೈಗೆ ಒಂದು ಮುದ್ದೆ ಜೇಡಿಮಣ್ಣನ್ನು ಕೊಟ್ಟು, “ನಿನಗೆ ಸಿಟ್ಟು ಬಂದಾಗ ಅದು ಹೇಗಿರುತ್ತದೋ ಮಾಡಿ ತೋರಿಸು” ಎನ್ನಿರಿ. ಅವರು ಏನು ಮಾಡಿದರೂ ತಿದ್ದಬೇಡ, ನಗಬೇಡ. ಪಕ್ಕದಲ್ಲಿ ಕುಳಿತು ನೋಡಿರಿ. ಧೋಪೇಶ್ವರನು ಮಾಡಿದ ಕೆಲಸವೂ ಅದೇ ಆಗಿತ್ತು.